ನಡುವಿನ ಕುರ್ಚಿ

ಹೆಸರು ಬದಲಿಸಿದ್ದೇನೆ; ಸಾವಂತ್ರವ್ವ ಎನ್ನೋಣ.
ಊರು ಮಾತ್ರ ಅದೇ, ಜಿಲಾಂಗ್,
ಕೊಲ್ಲಿಯ ಗಾಳಿಗೆ ಪಾರ್ಕಿಂಗ್ ಚೀಟಿ ಹಾರಿಹೋಗುವ ಊರು.
ಉಣ್ಣೆ ವಿಂಗಡಿಸುತ್ತಿದ್ದ ಗಂಡನ ಮೇಲೆ
ಮೂಟೆ ಉರುಳಿ ಎರಡು ಚಳಿಗಾಲ ಕಳೆಯಿತು.
ಅಂದಿನಿಂದ ನಿದ್ದೆಯಿಲ್ಲ.
ಸ್ವೆಟರ್ ಮುಟ್ಟಿದರೆ ಉಸಿರು ಕಟ್ಟುತ್ತದೆ.

ಒಂದು ಯೋಜನೆಗೆ ಆರೇ ಭೇಟಿ. ದುಡ್ಡು ಮುಗಿದರೆ
ಇನ್ನೊಂದು ಯೋಜನೆ, ಇನ್ನೊಬ್ಬ ಕೌನ್ಸೆಲರ್,
ಇನ್ನೊಂದು ಸಿದ್ಧಾಂತ.
ಬದಲಾಗದವನು ನಾನೊಬ್ಬ, ದುಭಾಷಿ,
ಗಂಟೆ ಲೆಕ್ಕದವನು.

ಮೊದಲನೆಯವರು ಮಾತೇ ಆಡಲಿಲ್ಲ.
ಬಾಲ್ಯವೆಂಬ ಬಾವಿಗೆ ಹಗ್ಗ ಬಿಟ್ಟು ಕೂತರು.
ಐವತ್ತು ನಿಮಿಷ. ಹೀಟರ್ ಟಿಕ್ ಟಿಕ್ ಎನ್ನುತ್ತಿತ್ತು.
"ಇವರಿಗೇನಾಗೇತ್ರಿ?" ಅಂದಳು ಸಾವಂತ್ರವ್ವ.
ಕಿವಿಗೆ ಬಿದ್ದದ್ದನ್ನೆಲ್ಲ ಹೇಳಲೇಬೇಕು, ನಿಯಮ. ಹೇಳಿದೆ.
ಅವರು ತಲೆಯಾಡಿಸಿ ಬರೆದುಕೊಂಡರು.
ಮೌನ ಅನುವಾದಿಸಿದ್ದಕ್ಕೂ ನನಗೆ ಕೂಲಿ ಬಂತು.

ಆಮೇಲೆ ಫಿಯೋನಾ. ಕೈಯಲ್ಲೊಂದು ಹಾಳೆ,
ಹಾಳೆಯಲ್ಲಿ ಕಂಬಸಾಲು: ಘಟನೆ, ಯೋಚನೆ, ಭಾವನೆ.
"ಏನು ಯೋಚಿಸಿದಿರಿ?"
"ನಾನೂ ಹೋಗಬೇಕಿತ್ತು ಅನಸ್ತೈತಿ."
"ಸರಿ, ಏನು ಭಾವಿಸಿದಿರಿ?"
"ಅದನ್ನ ಹೇಳಿದ್ನೆಲ್ಲ. ಅನಸ್ತೈತಿ."
ಅನಿಸುವುದು ನಮ್ಮಲ್ಲಿ ತಲೆಗೋ, ಎದೆಗೋ?
ಪದ ಒಂದು, ಕಂಬ ಎರಡು.
ನಡುಗೆರೆಯ ಮೇಲೇ ಬರೆದುಕೊಟ್ಟೆ.
ಫಿಯೋನಾ ಒಳ್ಳೆಯವಳು; ಮನೆಗೆಲಸ ಕೊಟ್ಟಳು:
ದಿನಕ್ಕೆ ಐದು ನಿಮಿಷ ಕಾಲುಚೀಲ ಮುಟ್ಟುವುದು, ಆಮೇಲೆ ಶಾಲು.
ಸುಳ್ಳೇಕೆ ಹೇಳಲಿ, ಐದನೇ ವಾರ
ಸಾವಂತ್ರವ್ವ ಉಣ್ಣೆಯ ಕೈಗವಸು ತೊಟ್ಟೇ ಬಂದಳು.
ನಿದ್ದೆ ಮಾತ್ರ ಬರಲಿಲ್ಲ.

ಮೂರನೆಯವರು ಆಕೆ ಅಂದದ್ದನ್ನೇ ತಿರುಗಿ ಅನ್ನುತ್ತಿದ್ದರು.
"ಎದಿ ಮ್ಯಾಲ ಬೀಸೋಕಲ್ಲು ಇಟ್ಟಂಗ ಆಗೇತ್ರಿ."
"ಎದೆಯ ಮೇಲೆ ಬೀಸುವ ಕಲ್ಲು..."
ಅದನ್ನು ಮತ್ತೆ ನಾನು ಕನ್ನಡಕ್ಕೆ ತಂದೆ.
ಒಂದೇ ಕಲ್ಲು, ಎಷ್ಟು ಸಲ ಹೊರುವುದು.
"ಕಿವಿ ಮಂದ ಏನ್ರಿ ಇವರಿಗೆ?"
ಅಂದವಳೇ, ಮೊದಲ ಸಲ, ಅತ್ತಳು.

ನಾಲ್ಕನೆಯದು ಖಾಲಿ ಕುರ್ಚಿ.
"ಅವರಲ್ಲಿ ಕೂತಿದ್ದಾರೆ ಅಂದುಕೊಳ್ಳಿ.
ಹೆಸರು ಹಿಡಿದು ಮಾತಾಡಿಸಿ."
ಮೂವತ್ತು ವರ್ಷ ಬಾಯಿಗೆ ಬಾರದ ಹೆಸರು.
ಸಾವಂತ್ರವ್ವ ಎದ್ದಳು.
ಸೆರಗಿನಿಂದ ಕುರ್ಚಿ ಒರೆಸಿದಳು.
"ಕುಂದರ್ರಿ," ಎಂದಳು. ಅಷ್ಟೇ.
ಇಂಗ್ಲಿಷಿಗೆ ತರಲು ಬರಲಿಲ್ಲ ನನಗೆ.
'ಸಿಟ್' ಅಂದರೆ ನಾಯಿಗೆ ಅಂದಂತೆ,
'ಪ್ಲೀಸ್' ಸೇರಿಸಿದರೆ ಆಫೀಸು.
ಹನ್ನೊಂದು ವರ್ಷದ ಕೆಲಸದಲ್ಲಿ ಅದೊಂದು ಮಾತು ನುಂಗಿಕೊಂಡೆ.

ಕೊನೆಯವನು ಹುಡುಗ, ಕೆಂಚು ಗಡ್ಡ, ಹೊಸ ಪದವಿ.
"ಭಯವೇ ನೀವಲ್ಲ. ಭಯ ಹೊರಗಿನದು," ಎಂದ,
ಹೊಸದೇನೋ ಕೊಡುವವನಂತೆ.
ನಮ್ಮಲ್ಲಿ ಯಾರೂ ಭಯವಾಗಿರುವುದಿಲ್ಲ ಮಾರಾಯ.
ಭಯ ನಮಗೆ ಆಗುತ್ತದೆ. ದುಃಖ ನಮಗೆ ಬರುತ್ತದೆ,
ಹಸಿವಿನಂತೆ, ಹೇಳದೆ ಬಂದ ನೆಂಟರಂತೆ.
ನಿನ್ನ ಸಿದ್ಧಾಂತ ನಮ್ಮ ವ್ಯಾಕರಣದಲ್ಲೇ ಇದೆ
ಎಂದು ಹೇಳಹೊರಟು, ಸುಮ್ಮನಾದೆ:
ಹಾಗಿದ್ದರೆ ಆಕೆಗೇಕೆ ಇನ್ನೂ ವಾಸಿಯಾಗಿಲ್ಲ?

ಕಡೆಗೊಂದು ಫಾರಂ. ಯಾವ ವಿಧಾನ ಹೆಚ್ಚು ನೆರವಾಯಿತು?
"ಯಾರೋ ಒಬ್ಬರು ಗಾಜಿನ ಲೋಟದಾಗ ನೀರು ಕೊಟ್ರು ನೋಡ್ರಿ.
ಉಳಿದೋರದು ಎಲ್ಲಾ ಕಾಗದದ ಕಪ್ಪು."
ಅದು ಯಾರೆಂದು ಇಬ್ಬರಿಗೂ ನೆನಪಾಗಲಿಲ್ಲ.
'ಇತರೆ' ಎಂಬಲ್ಲಿ ಗುರುತು ಹಾಕಿದೆ.

ಇನ್ನೊಂದು ನಿಯಮ ಹೇಳಲು ಮರೆತೆ.
ದುಭಾಷಿ 'ಆಕೆ' ಎನ್ನಬಾರದು, 'ನಾನು' ಎನ್ನಬೇಕು.
ಹಾಗಾಗಿ ಇಷ್ಟು ದಿನ ಆ ಕೋಣೆಗಳಲ್ಲಿ
ಮೀಸೆ ಹೊತ್ತ ನಾನೇ ಅನ್ನುತ್ತಿದ್ದೆ:
ನನ್ನ ಗಂಡ ಮನೆಗೆ ಬರಲಿಲ್ಲ.
ನನಗೆ ಉಸಿರು ಕಟ್ಟುತ್ತದೆ.

ಮೊನ್ನೆ ಮೂರಬಲ್ ಬೀದಿಯ ಅಂಗಡಿಯಲ್ಲಿ
ಉಣ್ಣೆ ಟೋಪಿಯೊಂದನ್ನು ಕೈಗೆತ್ತಿಕೊಂಡವನು
ಬೆಲೆ ನೋಡದೆ
ಅಲ್ಲೇ ಇಟ್ಟು ಬಂದೆ.