ಗಾಳಿ ಯಾವ ಕಡೆ

ಮೊದಲ ಪಾಠ: ಓಡಬಾರದು.
ಇಷ್ಟು ಕಲಿಯಲಿಕ್ಕೇ ಹದಿನೇಳು ಟಗರು ಕೈಬಿಟ್ಟು ಹೋದವು.
ಬಂದರಿನ ಕ್ರೇನು ಇಳಿದು, ಬೈತಖೋಲದ ಬಾಡಿಗೆ ಕೋಣೆಯಲ್ಲಿ
ಲುಂಗಿ ಸುತ್ತಿ ಕುಳಿತರೆ
ಟಿವಿಯೊಳಗೆ ಹಿಮದ ಬೆಟ್ಟ.
ಮೇಲೆಲ್ಲೋ ಒಂದು ಕಲ್ಲು ಕಿವಿ ಆಡಿಸಿತೋ ಇಲ್ಲವೋ,
ಅಷ್ಟರಲ್ಲಿ ಇಡೀ ಇಳಿಜಾರು ಖಾಲಿ.

ಕಾರವಾರದವನಿಗೆ ಕುರಿಯ ಗುಣ ಎಲ್ಲಿಂದ ಗೊತ್ತಿರಬೇಕು?
ನಾವು ಕಂಡದ್ದು ಭಾನುವಾರ, ಕೊಕ್ಕೆಯ ಮೇಲೆ.

ಆಮೇಲೆ ತಿಳಿಯಿತು,
ಅದು ಸದಾ ಕೆಳಗೇ ನೋಡುತ್ತದೆ.
ವೈರಿ ಬರುವುದು ತಗ್ಗಿನಿಂದ
ಎಂದು ಅದರ ಅಜ್ಜ ಹೇಳಿ ಸತ್ತಿರಬೇಕು.
ಆದ್ದರಿಂದ ಬೆನ್ನ ಹಿಂದಿನ ಕಣಿವೆ ಸುತ್ತು,
ಅರ್ಧ ತಾಸು ಬರೇ ಹತ್ತು, ಮೇಲಿಂದ ಇಳಿ.
ದಿಬ್ಬದ ನೆತ್ತಿಯಲ್ಲಿ ನಿಲ್ಲಬೇಡ,
ಆಕಾಶಕ್ಕೆ ನಿನ್ನ ಚಿತ್ರ ಅಂಟಿಕೊಳ್ಳುತ್ತದೆ.
ಪರದೆಯ ಮೂಲೆಯಲ್ಲಿ ಸಣ್ಣ ಬಾಣ: ಗಾಳಿ.
ಅದು ಟಗರಿನಿಂದ ನಿನ್ನ ಕಡೆ ಬರಬೇಕು.
ತಿರುಗಿತೋ,
ಬಂದೂಕು ಹೆಗಲಿಗೆ ಹಾಕಿ ಮನೆಗೆ ನಡಿ.

ಇಷ್ಟೆಲ್ಲ ಮಾಡಿ ಹೊಡೆದ ಹದಿನೆಂಟನೆಯದು
ಪ್ರಪಾತಕ್ಕೆ ಬಿತ್ತು.
ಗುಂಡಿಗೂ ಮುಂಚೆ
ಬೀಳುವ ಜಾಗ ನೋಡಬೇಕಂತೆ.

ಆಗರದ ಕೆಲಸ ನಿಂತ ಮೇಲೆ
ದೊಡ್ಡವ್ವೆ ಬಂದಳು, ಸಾಣಿಕಟ್ಟಾದಿಂದ,
ಜಿಲ್ಲಾ ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡು
ನಾಕು ದಿನ ನನ್ನ ಕೋಣೆಯಲ್ಲಿ.
ಕಣ್ಣಿಗೆ ಹಸಿರು ಬಟ್ಟೆ.
ಟಿವಿ ನೋಡಬೇಡಿ ಅಂದಿದ್ದರು ಡಾಕ್ಟರು.
"ಇನ್ನೊಂದು ಕಣ್ಣಿಗೆ ಹೇಳಲಿಲ್ಲವಲ್ಲ" ಅಂದಳು.

ಮೂವತ್ತೆಂಟು ವರ್ಷ ಬಿಸಿಲಲ್ಲಿ ಉಪ್ಪು ಎಳೆದವಳು,
ಬಿಳಿಯಿಂದ ಬಿಳಿ ಬೇರೆ ಮಾಡಿದ ಕಣ್ಣು:
"ಅದೋ ತಮಾ, ಆ ಎರಡನೇ ಕಲ್ಲು ಕಲ್ಲಲ್ಲ."
ದುರ್ಬೀನು ಏರಿಸಿದೆ.
ಕೊಂಬು. ಒಂದೂಕಾಲು ಸುತ್ತು.

ಹೊಡೆದೆ. ಈ ಸಲ ಹುಲ್ಲಿನ ಮೇಲೇ ಬಿತ್ತು,
ಕಂಚಿನ ಪದಕ ಮಿನುಗಿತು.
"ಮಾಂಸ ಎಲ್ಲಿ?"
ಮಾಂಸ ಇಲ್ಲ ದೊಡ್ಡವ್ವೆ, ಕೊಂಬು ಮಾತ್ರ.
"ಪಾಲು? ನೆರೆಮನೆಗೆ?"
ಪಾಲೂ ಇಲ್ಲ.
ಗಂಜಿ ಉಣ್ಣುವ ತನಕ ಅವಳು ಮಾತಾಡಲಿಲ್ಲ.
ತಟ್ಟೆ ತೊಳೆಯುತ್ತ, ನಲ್ಲಿಗೆ ಹೇಳಿದ ಹಾಗೆ:
"ಅಷ್ಟು ಹತ್ತಿ ಇಳಿದದ್ದು ಕೊಂಬಿಗೋ."

ಮರುರಾತ್ರಿ ಅವಳೇ ಕರೆದಳು.
"ಹಚ್ಚು. ಆ ದೊಡ್ಡವನನ್ನು ಹುಡುಕುವ."
ದೊಡ್ಡವನು, ಎಡಗೊಂಬು ಮುರಿದ ಮುದಿ ಟಗರು,
ಮೂರು ತಿಂಗಳಿಂದ ನನಗೆ ಬೆನ್ನು ಮಾತ್ರ ತೋರಿಸಿದವನು.
"ಬೆನ್ನು ಹತ್ತಬೇಡ ಮಾರಾಯ. ಅವನಿಗೆ ಎಂತ ಬೇಕು ಹೇಳು."
ಹುಲ್ಲು. ನೀರು.
"ಅದು ಎಲ್ಲ ಕಡೆ ಉಂಟು. ಎಲ್ಲ ಕಡೆ ಇಲ್ಲದ್ದು?"

ನಕಾಶೆಯ ಬಡಗಣ ತುದಿಯಲ್ಲಿ ಒಂದು ಬಿಳಿ ಬಂಡೆ,
ಹಿಮವೆಂದು ನಾನು ಎಷ್ಟೋ ಸಲ ದಾಟಿ ಹೋದದ್ದು.
ದೊಡ್ಡವ್ವೆ ಪರದೆಗೆ ಬೆರಳು ಮುಟ್ಟಿಸಿದಳು,
ಬೆರಳು ನೆಕ್ಕಿಕೊಂಡಳು.
"ಉಪ್ಪು."

ಕುಳಿತೆವು.
ಆಟದ ಗಡಿಯಾರದಲ್ಲಿ ನಸುಕು,
ಕಿಟಕಿಯಾಚೆ, ಮೀನುಗಾರಿಕೆ ನಿಂತ ಬಂದರಿನಲ್ಲಿ,
ದೋಣಿಗಳು ಒಂದಕ್ಕೊಂದು ಮೈ ಉಜ್ಜುವ ಸದ್ದು.
ಉಸಿರು ಹಿಡಿಯುವ ಗುಂಡಿ ಒತ್ತಿದೆ.
ಅವಳು ತನ್ನದನ್ನೂ ಹಿಡಿದಳು.
ಮೊದಲು ಮರಿಗಳು ಬಂದವು.
ಹಿಂದೆಯೇ ನಾಲ್ಕು ಹೆಣ್ಣು.
ಆಮೇಲೆ ಯಾರೂ ಇಲ್ಲ, ಎಷ್ಟೋ ಹೊತ್ತು,
ನನ್ನ ಹೆಬ್ಬೆರಳು ಜೋಮು ಹಿಡಿಯುವಷ್ಟು.
ಆಮೇಲೆ ಬಂಡೆಯ ಅಂಚಿಗೆ ಒಂದು ಮುರಿದ ಕೊಂಬು,
ಒಂದು ಹೆಗಲು,
ಚಾಚಿದ ನಾಲಿಗೆ.

ಕರೆಂಟು ಹೋಯಿತು.

ಬಿಣಗಾದ ತನಕ ಕತ್ತಲೆ.
ಬೆಂಕಿಪೊಟ್ಟಣಕ್ಕೆ ತಡಕಾಡಿದೆ.
ಒಡಕು ಅಂಗೈಯೊಂದು ನನ್ನ ಮಣಿಕಟ್ಟು ಹಿಡಿಯಿತು.
"ಕಡ್ಡಿ ಗೀರಬೇಡ," ಪಿಸುಗುಟ್ಟಿದಳು,
"ಗಾಳಿ ಕಡಲ ಕಡೆಯಿಂದ ಬರ್ತಾ ಉಂಟು,
ವಾಸನೆ ಸೀದಾ ಅವನಿಗೇ ಹೋಗ್ತದೆ."