ಅಳತೆ ಪುಸ್ತಕ

ಹೈವೇ ಅಗಲವಾದಾಗ ಅಂಗಡಿಯ ಅರ್ಧ ಹೋಯಿತು,
ಬೆಂಚು ಉಳಿಯಿತು.
ಅದರ ಮೇಲೆ ಈಗ ಗುಡ್ಡೆಕೇರಿ ಫ್ರೆಂಡ್ಸ್‌ನ ಹಣೆಬರಹ
ಬರೆಯಲಾಗುತ್ತಿದೆ.
ಭಾನುವಾರ ಹರಾಜು. ಹೊಸಂಗಡಿಯೆಲ್ಲ ಅದೇ ಮಾತು.
ಕೈಯಲ್ಲಿರುವುದು ಇಪ್ಪತ್ತು ಸಾವಿರ ಪಾಯಿಂಟು,
ಬೇಕಾದದ್ದು ಒಬ್ಬ ಸ್ಮ್ಯಾಶರ್.

"ಕಣ್ಣು ಮುಚ್ಚಿ ಲಿಜೀಶನನ್ನು ತೆಗೆಯಿರಿ," ಎನ್ನುತ್ತಾನೆ ಮೂಸಕುಂಞಿ,
"ಅವ ಹೊಡೆದರೆ ಚೆಂಡು ನೆಲದಲ್ಲಿ ಗುಂಡಿ ತೋಡುತ್ತದೆ."
"ಗುಂಡಿ ತೋಡಲಿಕ್ಕೆ ಜೆಸಿಬಿ ಉಂಟಲ್ಲ ಮಾರಾಯ.
ಹೋದ ವರ್ಷ ಫೈನಲಿನಲ್ಲಿ ನೆಟ್ಟಿಗೆ ಎಷ್ಟು ಹೊಡೆದ,
ಲೆಕ್ಕ ಇಟ್ಟಿದ್ದೀಯಾ?"
ಫೆಲಿಕ್ಸ್ ಮೊಂತೇರೊ ಇಟ್ಟಿದ್ದಾನೆ. ಹನ್ನೊಂದು.
ಅವನ ಓಟು ವರ್ಕಾಡಿಯ ತಿಲಕನಿಗೆ:
ಪ್ಲಸ್ ಟು ಹುಡುಗ, ಈಗಲೇ ಆರಡಿ,
"ಇನ್ನೂ ನಾಲ್ಕಿಂಚು ಹೋಗ್ತಾನೆ, ಬರೆದಿಟ್ಟುಕೊಳ್ಳಿ."
ಚನಿಯಪ್ಪಣ್ಣ ಎಲೆಯಡಿಕೆ ಉಗಿದು ಬಂದು ಹೇಳುತ್ತಾನೆ
ಉದ್ದ ಇದ್ದದ್ದಕ್ಕೆಲ್ಲ ಬೆಲೆಯಾದರೆ ಲೈಟು ಕಂಬವನ್ನು ಕೊಳ್ಳಿ,
ಹಾರಲಿಕ್ಕೆ ಗೊತ್ತಿರಬೇಕು,
ಕಡಪ್ಪುರದ ಆ ಕುಳ್ಳ ಅನ್ಸಾಫನನ್ನು ಯಾರಾದರೂ ನೋಡಿದ್ದೀರಾ?
ನೋಡಿದವರು ನಗುತ್ತಾರೆ.
ಐದಡಿ ಆರಿಂಚು! ನೆಟ್ಟಿನ ಕೆಳಗಿಂದ ಹೊಡೆಯುವುದಾ?

ನಾನು ಕಾಜ ಹೊಲಿಯುತ್ತಿದ್ದೇನೆ.
ನನ್ನನ್ನು ಯಾರೂ ಕೇಳುವುದಿಲ್ಲ.
ಗಟ್ಟಿ ಟೈಲರಿಗೆ ವಾಲಿಬಾಲ್ ಎಂತ ಗೊತ್ತು.

ಆದರೆ ಮೂರೂ ಹುಡುಗರು
ಈ ನೀಲಿ ರಟ್ಟಿನ ಪುಸ್ತಕದೊಳಗೆ ಇದ್ದಾರೆ.

ತಿಲಕ ಎಂಟನೆಯಲ್ಲಿರುವಾಗ ಅವನ ಅಮ್ಮ ಹೇಳಿದ್ದರು,
"ಕೆಳಗೆ ಮೂರಿಂಚು ಮಡಚಿ ಬಿಡಿ, ಬೆಳೆಯುವ ಹುಡುಗ."
ಮರುವರ್ಷ ಬಿಚ್ಚಿದೆ.
ಅದರ ಮರುವರ್ಷ ಬಿಚ್ಚಲಿಕ್ಕೇ ಇರಲಿಲ್ಲ, ಹೊಸ ಬಟ್ಟೆ.
ಪ್ಲಸ್ ವನ್, ಜೂನ್: ನಲುವತ್ತೊಂದೂವರೆ.
ಪ್ಲಸ್ ಟು, ಜೂನ್: ನಲುವತ್ತೊಂದೂವರೆ.
ಮಡಚಿದ ಬಟ್ಟೆ ಮಡಚಿದ ಹಾಗೆಯೇ ಉಂಟು,
ಒಳಗಿನ ಬಣ್ಣ ಇನ್ನೂ ಬಿಸಿಲು ಕಂಡಿಲ್ಲ.
ಅವನಿಗೂ ಗೊತ್ತಿರಬೇಕು.
ಅಳತೆಗೆ ನಿಂತಾಗ ಹಿಮ್ಮಡಿ ತುಸು ಎತ್ತುತ್ತಾನೆ,
ನಾನು ನೋಡದವನಂತೆ ಕಾಯುತ್ತೇನೆ,
ಅದು ಇಳಿಯುವ ವರೆಗೆ.

ಲಿಜೀಶ ಜೆರ್ಸಿ ಬಿಗಿ ಮಾಡಿಸಲು ಬಂದಿದ್ದ.
ಬಲ ಭುಜ ಅರ್ಧ ಇಂಚು ಕೆಳಗೆ.
ಹೋದ ವರ್ಷ ಕಾಲಿಂಚು ಬರೆದಿದ್ದೆ.
ಟೇಪು ಕಂಕುಳಿನಡಿ ಹೋಗುವಾಗ ಉಸಿರು ಕಟ್ಟಿದ.
"ಎಂದಾ ಮೋನೆ?"
"ಒನ್ನೂಲ್ಲ."

ಅನ್ಸಾಫನ ಚಡ್ಡಿ ಎರಡು ತಿಂಗಳಿಗೊಮ್ಮೆ
ತೊಡೆಯ ಬದಿಯಲ್ಲಿ ಬಿರಿದು ಬರುತ್ತದೆ.
ಮೀನಿನ ವಾಸನೆ ಬರುತ್ತದೆ ಅಂತ
ತೊಳೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹೊಸ್ತಿಲಲ್ಲೇ ನಿಂತು ಕೊಡುತ್ತಾನೆ.
ಅಷ್ಟು ದಪ್ಪದ ತೊಡೆ ಈ ಪುಸ್ತಕದಲ್ಲಿ ಇನ್ನೊಂದಿಲ್ಲ.

ಹೇಳಬಹುದಿತ್ತು.
ಸೂಜಿ ಬಾಯಲ್ಲಿ ಇತ್ತು ಎಂಬುದು ನೆಪ.
ಅಪ್ಪ ಕತ್ತರಿಯ ಜೊತೆ ಕೊಟ್ಟ ಮಾತು ಒಂದೇ:
ಟೇಪು ಮುಟ್ಟಿದ್ದು ನಾಲಿಗೆ ಮುಟ್ಟಬಾರದು.
ಮದುಮಗಳ ಸೊಂಟ, ಬ್ಯಾಂಕ್ ಅಧ್ಯಕ್ಷರ ಹೊಟ್ಟೆ,
ಆಸ್ಪತ್ರೆಯಿಂದ ಬಂದವಳ ಒಂದು ಬದಿಯ ರವಿಕೆ,
ಎಲ್ಲ ಈ ರಟ್ಟಿನೊಳಗೆ.

ಭಾನುವಾರ ಶಾರ್ಜಾದಿಂದ ಓನರಿನ ವಾಯ್ಸ್ ಬಂತು,
ಹದಿನಾಲ್ಕು ಸೆಕೆಂಡು.
ಮೂರು ವಾರದ ವಾದ ಅದರಲ್ಲಿ ಮುಗಿಯಿತು.
ಲಿಜೀಶ, ಹದಿನೆಂಟು ಸಾವಿರ.
ತಿಲಕ ಉಪ್ಪಳಕ್ಕೆ ಹೋದ, ಅನ್ಸಾಫ್ ಕುಂಬಳೆಗೆ,
ಬೇಸ್ ಪ್ರೈಸಿಗೆ, ಕೊನೆಗೆ,
ಯಾರೋ ಪಕ್ಕದವನ ಜೊತೆ ಮಾತಾಡುತ್ತಲೇ ಕೈ ಎತ್ತಿದರಂತೆ.

ಮಂಗಳವಾರ ತಿರುಪ್ಪೂರಿನ ಪಾರ್ಸೆಲ್ ಬಂತು. ಒಂಬತ್ತನೇ ನಂಬರು.
ಬಲ ಭುಜದ ಹೊಲಿಗೆ ಬಿಚ್ಚಿದೆ,
ಒಳಗೆ ಎರಡು ಪದರ ಬಟ್ಟೆ ಇಟ್ಟೆ,
ಅರ್ಧ ಇಂಚು.
ಅವನು ಕನ್ನಡಿಯೆದುರು ನಿಂತು ನೋಡಿದ,
ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿದ.
"ಕರೆಕ್ಟಾ?" ಎಂದೆ.
ತಲೆ ಆಡಿಸಿದ. ದುಡ್ಡು ತೆಗೆದುಕೊಳ್ಳಲಿಲ್ಲ.

ಹೊರಗೆ ಇಳಿದಾಗ ಬೆಂಚೇ ಎದ್ದು ನಿಂತಿತು.
"ಭುಜ ನೋಡು ಮಾರಾಯ," ಎಂದ ಫೆಲಿಕ್ಸ್ ಕೂಡ,
"ಭುಜ ನೋಡು ಅವನದು!"