ಹನ್ನೊಂದು ರಾತ್ರಿ, ಗೇಟಿನ ಹತ್ತಿರ

ಮಸ್ಕತ್ತಿನ ಘಾಲಾದಲ್ಲಿ ಟಯರ್ ಅಂಗಡಿಯ ಮಾಳಿಗೆ ನಮ್ಮ ಆಫೀಸು.
ನನ್ನ ಮೇಜಿನ ಮೇಲೆ
ನೂರ ನಲವತ್ತು ಮಂದಿ ಕಾವಲಿನವರು
ಪಾಸ್‌ಪೋರ್ಟ್ ಸೈಜಿನಲ್ಲಿ, ಬಿಳಿ ಗೋಡೆಗೆ ಬೆನ್ನು ಕೊಟ್ಟು.
ಯಾರೂ ನಗುವ ಹಾಗಿಲ್ಲ. ನಿಯಮ.

ಎತ್ತರ ಇಷ್ಟಿರಬೇಕು, ಕಣ್ಣು ಇಷ್ಟು ದೂರ ಓಡಬೇಕು,
ಬೆಂಕಿ ಆರಿಸಲು ಕಲಿತ ಚೀಟಿ,
ಊರಿನ ಠಾಣೆಯಿಂದ, ಇವನು ಒಳ್ಳೆಯವನೆಂದು ಒಂದು ಹಾಳೆ.
ಕಂಪನಿಗೆ ಪರವಾನಗಿ, ಆಳಿಗೊಂದು ಕಾರ್ಡು,
ಕಾರ್ಡಿಗೊಂದು ಕೊನೆಯ ತಾರೀಖು.
ಮನುಷ್ಯನಿಗೂ ಇದೆ ಅದು. ಕಾರ್ಡಿನ ಮೇಲೆ ಬರೆದಿರುತ್ತದೆ, ಅಷ್ಟೇ.

ಆಮೇಲೆ ವಿಮೆ.
ಗಾಜು ಒಡೆದರೆ ಒಂದು ಕಲಮು, ಕಾಲು ಮುರಿದರೆ ಇನ್ನೊಂದು,
ಏಳನೆಯದು ನಿಯತ್ತಿಗೆ:
ಕಾಯುವವನೇ ಕದ್ದರೆ ಎಂಬ ಅನುಮಾನಕ್ಕೆ
ತಲೆಗೆ ವರ್ಷಕ್ಕೆ ಮೂರು ರಿಯಾಲು, ನಾನೂರು ಬೈಸ.
ಬೇಲಿಯೇ ಎದ್ದು ಹೊಲ ಮೇಯ್ದರೆ,
ಊರಲ್ಲಿ ಗಾದೆ ಹೇಳಿ ಸುಮ್ಮನಾಗುತ್ತೇವೆ.
ಇಲ್ಲಿ ಅದಕ್ಕೆ ಕಂತು ಕಟ್ಟುತ್ತೇವೆ.

ಜಾರಪ್ಪ ಸಾಲ್ಯಾನ್, ಹೆಜಮಾಡಿ ಕಡೆಯವರು.
ಟೈಲ್ಸ್ ಗೋದಾಮಿನಲ್ಲಿ ಆರು ವರ್ಷ ರಾತ್ರಿ ಪಾಳಿ.
ಸಹಿ ಹಾಕಲು ಬಂದವರು ಒಮ್ಮೆ ಕೇಳಿದರು,
“ಬಾಯಮ್ಮ, ಈ ಏಳನೇದು ಎಂತದು?”
ಹೇಳಿದೆ. ಪೆನ್ನು ಹಿಡಿದುಕೊಂಡೇ ನಿಂತರು.
“ಹಾಗಾದರೆ ನಾನು ಕದಿಯದಿದ್ದರೆ
ಆ ಮೂರು ರಿಯಾಲು ಯಾರಿಗೆ?”
ನಾನು ನಕ್ಕೆ. ಅವರು ನಗಲಿಲ್ಲ,
ಫೋಟೋದಲ್ಲಿ ಇದ್ದ ಹಾಗೇ ಇದ್ದರು.

ಮೇ ತಿಂಗಳಲ್ಲಿ ಅವರ ಕಾರ್ಡು ಮುಗಿಯಿತು.
ಅರ್ಜಿ ತುಂಬಿದೆ, ಫೋಟೋ ಅಂಟಿಸಿದೆ.
ಮ್ಯಾನೇಜರ್ ಸಕ್ಕರಿಯಾ ಎಂದರು, ಒಂದೊಂದಕ್ಕೇ ಓಡುವುದು ಬೇಡ,
ಇಪ್ಪತ್ತಾಗಲಿ, ಒಟ್ಟಿಗೆ ಕಟ್ಟುವ, ಪೆಟ್ರೋಲು ಉಳಿಯುತ್ತದೆ.
ಆಗ ಹದಿನಾಲ್ಕು ಆಗಿತ್ತು.
ಡ್ರಾಯರು ಮುಚ್ಚಿದ್ದು ನಾನೇ.
ಮೊಣಕಾಲಿನಿಂದ. ಕೈಯಲ್ಲಿ ಚಹಾ ಇತ್ತು.

ಹನ್ನೊಂದನೆಯ ರಾತ್ರಿ ಸರಪಳಿ ಕಳಚಿ
ಶಟರು ಅವರ ಬಲಗೈ ಮೇಲೆ ಬಂತು.

ವಿಮೆಯವನು ಸಭ್ಯ. ತಾರೀಖಿನ ಮೇಲೆ ಬೆರಳಿಟ್ಟು
ದನಿ ತಗ್ಗಿಸಿ ಹೇಳಿದ:
ಕಾರ್ಡು ಇರಲಿಲ್ಲ. ಆ ದಿನ ಅವರು ಕಾವಲುಗಾರರಲ್ಲ.
ಮತ್ತೆ ಯಾರು, ಎಂದೆ.
ಅವನು ಯೋಚಿಸಿದ, ನಿಜಕ್ಕೂ ಯೋಚಿಸಿದ.
“ಗೇಟಿನ ಹತ್ತಿರ ಇದ್ದ ಒಬ್ಬರು.”

ಗೇಟಿನ ಹತ್ತಿರ ಇದ್ದ ಒಬ್ಬರು
ಹನ್ನೊಂದು ರಾತ್ರಿಯೂ ಲಾರಿ ನಂಬರು ಬರೆದಿದ್ದಾರೆ.
ಪುಸ್ತಕ ತರಿಸಿ ನೋಡಿದೆ.
ಎರಡೂ ಕಾಲಿಗೆ ಬೀಗ ಸರಿ. ಮೂರೂವರೆಗೆ ಬೀಗ ಸರಿ.
ಸೊನ್ನೆಗಳನ್ನು ಮಗುವಿನ ಹಾಗೆ ದುಂಡಗೆ ಬರೆಯುತ್ತಾರೆ.
ಒಂದು ರಾತ್ರಿ, ಐದು ಗಂಟೆಗೆ: ಬೆಕ್ಕು ಮರಿ ಹಾಕಿದೆ, ಮೂರು.
ಟೈಲ್ಸಿನ ಒಂದು ಪೆಟ್ಟಿಗೆಯೂ ಕಮ್ಮಿಯಿಲ್ಲ.

ಏಳನೆಯ ಕಲಮಿಗೆ ಕಾರ್ಡು ಬೇಡವಂತೆ.
ಕಂಪನಿಯ ಆಳು ಆಗಿದ್ದರೆ ಸಾಕು, ಹಾಗೆ ಬರೆದಿದೆ.
ಎಂದರೆ ಆ ಹನ್ನೊಂದು ದಿನಕ್ಕೂ ಅದು ಜಾರಿಯಲ್ಲಿತ್ತು.
ಅವರು ಕದ್ದಿದ್ದರೆ ಕೊಡುತ್ತಿದ್ದರು.

ಇಪ್ಪತ್ತು ತುಂಬಿತು. ಒಟ್ಟಿಗೆ ಕಟ್ಟಿದೆವು.
ಹೊಸ ಕಾರ್ಡನ್ನು ನಾನೇ ಆಸ್ಪತ್ರೆಗೆ ಒಯ್ದೆ,
ಹಣ್ಣಿನ ಚೀಲದೊಳಗೆ, ಅದನ್ನೂ ಹಣ್ಣೆಂಬಂತೆ.
ಎಡಗೈಯಲ್ಲಿ ಹಿಡಿದು, ತಿರುಗಿಸಿ,
ಹಿಂದಿನ ಸಣ್ಣ ಅಕ್ಷರವನ್ನೆಲ್ಲ ಓದಿದರು.
ಕೈಯ ವಿಷಯ ಎತ್ತಲಿಲ್ಲ. ನಾನೂ ಡ್ರಾಯರಿನದು ಎತ್ತಲಿಲ್ಲ.

“ಈಗ ಗೇಟಿನಲ್ಲಿ ಯಾರು?”
ಹೊಸ ಹುಡುಗ, ನೇಪಾಳದವನು, ಎಂದೆ.
“ಕಾರ್ಡು ಉಂಟಾ ಅವನಿಗೆ?”

ಕಿಟಕಿಯಾಚೆ ಒಂದು ಹುಲ್ಲೂ ಇಲ್ಲದ ಗುಡ್ಡ.
ಕಣ್ಣಿಗೆ ಕಂಡದ್ದು ಅದಲ್ಲ.
ಡ್ರಾಯರು. ರಬ್ಬರು ಹಾಕಿದ ಹೊಸ ಕಟ್ಟು.
ಮೇಲಿಂದ ಮೂರನೆಯದು.